ಹಾಲಲ್ಲಿ ಪಿಸಿ ಇರ್ಲಿ, ಅದರ ಸದ್ದು ಬೇಡ

ಹೋದ ಸಂಚಿಕೇಲಿ ಟಿವಿಗೆ ಕಂಪ್ಯೂಟರ್ ಕನೆಕ್ಟ್ ಮಾಡೋ ಬಗ್ಗೆ ಎರಡೇ ಎರಡು ಸಾಲು ಬರೆದಿದ್ದೆ, ಅದಕ್ಕೆ ಬಂದಿರೋ ಪ್ರಶ್ನೆಗಳೇ ಈ ಸಲ ಇಡೀ ಕಾಲಂ ತುಂಬ್ಕೊಂಡಿವೆ. ಪ್ರಿಂಟರ್ ಬಗ್ಗೆ ಕೇಳಿದೋರು, ಫೋನ್ ಬ್ಯಾಟರಿ ಉಬ್ಬಿದೆ ಅಂತ ಬರೆದೋರು ಬೇಜಾರ್ ಮಾಡ್ಕೋಬೇಡಿ, ಮುಂದಿನ ಸಲ ನೋಡೋಣ. ಬ್ಯಾಟರಿ ಉಬ್ಬಿದೋರು ಮಾತ್ರ ಕಾಯಬೇಡಿ, ಇವತ್ತೇ ತೆಗೆಸಿ.

ಪ್ರಶ್ನೆ: ನಮ್ಮನೆ ಹಾಲಲ್ಲಿ 43 ಇಂಚಿನ 4ಕೆ ಟಿವಿ ಇದೆ. ಮಗ ಕಾಲೇಜಲ್ಲಿದ್ದಾಗ ತಗೊಂಡಿದ್ದ ಡೆಸ್ಕ್‌ಟಾಪನ್ನೇ, ಇಂಟೆಲ್ 4ನೇ ಜನರೇಷನ್ ಐ5 ಚಿಪ್ಪಿಂದು, ಟಿವಿ ಕೆಳಗಿನ ಷೋಕೇಸಲ್ಲಿಟ್ಟು ಎಚ್‌ಡಿಎಂಐ ಹಾಕಿದೀವಿ. ಒಳಗಿರೋ 2 ಟಿಬಿ ಡಿಸ್ಕ್ ತುಂಬ ಹಳೇ ಸಿನಿಮಾ, ಯಕ್ಷಗಾನದ ರೆಕಾರ್ಡಿಂಗು, ಮಗಳ ಮದುವೆ ವಿಡಿಯೋ. ಹಳೇ ಸಿನಿಮಾ ಹಾಕಿದ್ರೆ ಪರವಾಗಿಲ್ಲ, ಮದುವೆಯ 4ಕೆ ವಿಡಿಯೋ ಹಾಕಿದ ಎರಡೇ ನಿಮಿಷಕ್ಕೆ ಮಿಕ್ಸಿ ಥರ ಶುರು ಮಾಡತ್ತೆ. ನಮ್ಮತ್ತೆ ಮಲಗೋದು ಹಾಲಲ್ಲೇ, ರಾತ್ರಿ ಆನ್ ಇಟ್ರೆ ಬೈತಾರೆ. ಬಜೆಟ್ 30 ಸಾವಿರ. ಫ್ಯಾನೇ ಇಲ್ದಿರೋ ಪಿಸಿ ಸಿಗತ್ತಂತೆ, ಅದನ್ನೇ ತಗೊಂಬಿಡ್ಲಾ?
ಒಬ್ಬ ಓದುಗರು, ದಾವಣಗೆರೆ

ಉತ್ತರ: ನಿಮ್ಮ ಪ್ರಶ್ನೇಲೇ ಅರ್ಧ ಉತ್ತರ ಇದೆ ನೋಡಿ. ಹಳೇ ಸಿನಿಮಾಗೆ ಸುಮ್ನಿದ್ದು ಮದುವೆ ವಿಡಿಯೋಗೆ ಕೂಗತ್ತೆ ಅಂದ್ರೆ ಕಷ್ಟ ಫ್ಯಾನಿಂದಲ್ಲ, ಒತ್ತಿ ಚಿಕ್ಕದು ಮಾಡಿಟ್ಟಿರೋ ವಿಡಿಯೋನ ಬಿಡಿಸಿ ತೋರ್ಸೋ ಕೆಲಸದ್ದು. ಹಳೇ ಸಿನಿಮಾಗಳು ಹೆಚ್ಚಿನವು ಎಚ್.264 ಫಾರ್ಮ್ಯಾಟಲ್ಲಿ ಇರತ್ವೆ, ಅದನ್ನ ಬಿಡಿಸೋಕೆ ನಿಮ್ಮ ಐ5 ಒಳಗೇ ಬೇರೆ ಸರ್ಕ್ಯೂಟ್ ಇದೆ, ಆರಾಮಾಗಿ ಮಾಡತ್ತೆ. ಮದುವೆ ವಿಡಿಯೋ ಬಹುಶಃ ಎಚ್‌ಇವಿಸಿ, ಅದನ್ನೇ ಎಚ್.265 ಅಂತಾರೆ, ಈಗಿನ ಕ್ಯಾಮೆರಾ, ಫೋನು ಬಹಳಷ್ಟು ಅದರಲ್ಲೇ ರೆಕಾರ್ಡ್ ಮಾಡತ್ವೆ. 4ನೇ ಜನರೇಷನ್ ಚಿಪ್ ಬಂದಿದ್ದು 2013ರಲ್ಲಿ, ಅದರಲ್ಲಿ ಎಚ್‌ಇವಿಸಿಗೆ ಅಂತ ಸರ್ಕ್ಯೂಟ್ ಇಲ್ಲ. ಹಂಗಾಗಿ ನಾಕೂ ಕೋರುಗಳು ಸೇರ್ಕೊಂಡು ಕೈಯಲ್ಲಿ ರುಬ್ಬಿದ ಹಾಗೆ ಲೆಕ್ಕ ಮಾಡ್ಬೇಕು, ಬಿಸಿ ಏರತ್ತೆ, ಫ್ಯಾನ್ ಓಡತ್ತೆ. ಇದಕ್ಕೆ ಹೊಸ ಸೈಲೆಂಟ್ ಫ್ಯಾನ್ ಹಾಕ್ಸಿದ್ರೆ ಸ್ವಲ್ಪ ಕಮ್ಮಿಯಾಗಬಹುದು ಅಷ್ಟೇ. ಬಿಸಿಯೇ ಹುಟ್ಟದಿರೋ ಚಿಪ್ ತಗೊಂಡ್ರೆ ಫ್ಯಾನಿಗೆ ಕೆಲಸವೇ ಇರಲ್ಲ.

ಅಂಥದ್ದು ಅಂದ್ರೆ ಈಗ ಇಂಟೆಲ್ ಎನ್100. 2023ರ ಜನವರೀಲಿ ಬಂದಿದ್ದು, ನಾಕು ಕೋರು, ಕಂಪನಿ ಬರ್ಕೊಂಡಿರೋದು 6 ವ್ಯಾಟ್. ಜೋರಾಗಿ ಓಡಿಸಿದ್ರೆ ಅದಕ್ಕಿಂತ ಜಾಸ್ತಿನೇ ತಗೊಳತ್ತೆ ಬಿಡಿ, ಆದ್ರೂ ನಿಮ್ಮ ಹಳೇ ಐ5 ಹತ್ರ, 84 ವ್ಯಾಟ್ ಅಂತ ಬರೆದಿರ್ತಿದ್ರು ಅದರ ಮೇಲೆ, ಇದು ಏನೂ ಅಲ್ಲ. ಎಚ್‌ಇವಿಸಿ 10 ಬಿಟ್, ಯೂಟ್ಯೂಬಿನ ವಿಪಿ9, ಎವಿ1 ಅನ್ನೋ ವಿಡಿಯೋ ಫಾರ್ಮ್ಯಾಟು ಎಲ್ಲಕ್ಕೂ ಸರ್ಕ್ಯೂಟ್ ಇದೆ. ಗೇಮಿಗೆ, ವಿಡಿಯೋ ಎಡಿಟಿಂಗಿಗೆ ಇದು ಬೇಡ, ಮಗನಿಗೆ ಮೊದಲೇ ಹೇಳಿಬಿಡಿ, ಆಮೇಲೆ ನನ್ನ ಬೈಬಾರ್ದು.

ಇನ್ನು ಫ್ಯಾನ್ ಇಲ್ದಿರೋದು ಬೇಕಾ ಅಂದ್ರಲ್ಲ. ನನ್ನ ಮಾತು ಕೇಳೋದಾದ್ರೆ ಬೇಡ. ಎನ್100 ಬೋರ್ಡುಗಳು ಹೆಚ್ಚಿನವು ಬರೋದೇ ಬರೀ ಹೀಟ್ ಸಿಂಕ್, ಅಂದ್ರೆ ಬಿಸಿ ಹೊರಹಾಕೋ ಲೋಹದ ಪಟ್ಟಿಗಳ ಜೊತೆ, ಫ್ಯಾನ್ ಇರಲ್ಲ. ಅದನ್ನ ಸ್ವಲ್ಪ ಜಾಗ ಇರೋ ಕ್ಯಾಬಿನೆಟ್ಟಿಗೆ ಕೂರಿಸಿ 120 ಎಂಎಂದು ಒಂದೇ ಒಂದು ಫ್ಯಾನ್ ಹಾಕಿ, ಅದನ್ನ 500-600 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಮೇಲೆ ಹೋಗದ ಹಾಗೆ ಬಯೋಸಲ್ಲಿ, ಅಂದ್ರೆ ಪಿಸಿ ಆನ್ ಆಗೋವಾಗ ತೆರೆಯೋ ಬೋರ್ಡಿನ ಸೆಟ್ಟಿಂಗಲ್ಲಿ, ಕಟ್ಟಿಹಾಕಿ. ಮೂರಡಿ ದೂರದಿಂದ ಕೇಳ್ಸಲ್ಲ, ಅದೂ ಮೇಲೆ ಸೀಲಿಂಗ್ ಫ್ಯಾನ್ ತಿರುಗ್ತಿರೋ ಮನೇಲಿ. ಫ್ಯಾನ್ ದೊಡ್ಡದಾದಷ್ಟೂ ಒಳ್ಳೇದು, ಯಾಕಂದ್ರೆ ಒಂದೇ ಥರದ ರೆಕ್ಕೆ ಇದ್ರೆ 120 ಎಂಎಂ ಫ್ಯಾನು 80 ಎಂಎಂದಕ್ಕಿಂತ ಅದೇ ಸ್ಪೀಡಲ್ಲಿ ಮೂರು ಪಟ್ಟಿಗಿಂತ ಜಾಸ್ತಿ ಗಾಳಿ ತಳ್ಳತ್ತೆ. ಅಂದ್ರೆ ಅಷ್ಟೇ ಗಾಳಿಗೆ ಅದು ಮೂರರಲ್ಲೊಂದು ಸ್ಪೀಡಲ್ಲಿ ತಿರುಗಿದ್ರೆ ಸಾಕು. ಸ್ಪೀಡ್ ಅರ್ಧಕ್ಕಿಳಿಸಿದ್ರೆ ಸದ್ದು ಹತ್ತತ್ರ 15 ಡೆಸಿಬೆಲ್ ಇಳಿಯತ್ತೆ, 10 ಡೆಸಿಬೆಲ್ ಇಳಿದ್ರೇನೇ ಕಿವಿಗೆ ಅರ್ಧದಷ್ಟು ಅನ್ಸತ್ತೆ, ಹಂಗಾಗಿ ಇಲ್ಲಿ ಸಿಗೋ ಲಾಭ ಸಣ್ಣದಲ್ಲ.

ಬಯೋಸಲ್ಲಿ ಇನ್ನೊಂದು ಕೆಲಸ. ಜನಕ್ಕೆ ಕಿರಿಕಿರಿ ಆಗೋದು ಸದ್ದಿಗಿಂತ ಸದ್ದು ಏರಿಳಿಯೋದು. ಒಂದೇ ಸಮ ಗುಂಯ್ ಅಂತಿದ್ರೆ ಐದು ನಿಮಿಷಕ್ಕೆ ಮರ್ತೇ ಹೋಗತ್ತೆ, ಮೆನು ತೆಗೆದಾಗೆಲ್ಲ ವೂಂ ಅಂತ ಏರಿ ಇಳಿದ್ರೆ ನಿದ್ದೆ ಬರಲ್ಲ. ಫ್ಯಾನ್ ಸೆಟ್ಟಿಂಗಲ್ಲಿ ಸ್ಟೆಪ್ ಅಪ್, ಸ್ಟೆಪ್ ಡೌನ್ ಅಂತ ಸಮಯದ ಆಯ್ಕೆ ಇರತ್ತೆ, ಕೆಲವು ಬೋರ್ಡಲ್ಲಿ ಸ್ಮೂದಿಂಗ್ ಅಂತಾರೆ, ಅದನ್ನ ಇರೋದ್ರಲ್ಲಿ ಜಾಸ್ತಿಗೆ ಇಡಿ. ಸ್ಪೀಡ್ ಹೀಗೆ ಹಿಡಿತದಲ್ಲಿರೋಕೆ ಫ್ಯಾನು ನಾಕು ಪಿನ್ನಿಂದೇ ತಗೊಳಿ.

ಎಸ್‌ಎಂಪಿಎಸ್, ಅಂದ್ರೆ ಪಿಸಿಗೆ ಕರೆಂಟ್ ಕೊಡೋ ಡಬ್ಬದ ವಿಷ್ಯದಲ್ಲಿ ಅಂಗಡಿಯೋರ ಮಾತು ಕೇಳಿ ಚಪ್ಪಟೆ ಕ್ಯಾಬಿನೆಟ್ ಜೊತೆ ಬರೋ ಉದ್ದನೇ ಸಣ್ಣ ಎಸ್‌ಎಂಪಿಎಸ್ ಮಾತ್ರ ತಗೋಬೇಡಿ, ಅದರೊಳಗೆ 40 ಎಂಎಂ ಫ್ಯಾನ್ ಇರತ್ತೆ, ಸೊಳ್ಳೆ ಥರ ಕುಯ್ಯ್ ಅನ್ನತ್ತೆ, ಅದನ್ನ ಯಾವ ಸೆಟ್ಟಿಂಗೂ ಸುಮ್ನಿರಿಸಲ್ಲ. ಲ್ಯಾಪ್‌ಟಾಪ್ ಅಡಾಪ್ಟರ್ ಥರ 19 ವೋಲ್ಟ್ ಹೊರಗಿಂದ ಕೊಡೋ ಬೋರ್ಡೂ ಸಿಗತ್ವೆ. ಅದು ಸಿಕ್ರೆ ಎಸ್‌ಎಂಪಿಎಸ್ ತಾಪತ್ರಯವೇ ಇಲ್ಲ.

ಈಗ ಮುಖ್ಯವಾದ್ದು, ಡಿಸ್ಕು. ಇಲ್ಲಿ ನಾನೇ ಪೆಟ್ಟು ತಿಂದಿದೀನಿ. ಮೊದಲ ಸಲ ನಮ್ಮನೆಗೆ ಇಂಥದ್ದೊಂದು ಕಟ್ಟಿದಾಗ ಒಳ್ಳೇ ಫ್ಯಾನಿಗೆ ದುಡ್ಡು ಸುರಿದು ಟಿವಿ ಕೆಳಗಿನ ಪ್ಲೈವುಡ್ ಷೋಕೇಸಲ್ಲಿ ಇಟ್ಟೆ, ಅಮ್ಮ ಎರಡನೇ ದಿನ ಬೆಳಿಗ್ಗೆ ಕೇಳಿದ್ರು, ‘ಷೋಕೇಸೊಳಗೆ ದುಂಬಿ ಏನಾದ್ರೂ ಹೊಕ್ಕಿದೆಯೇನೋ, ರಾತ್ರಿಯೆಲ್ಲ ಗುಂಯ್ ಅಂತಿತ್ತು’ ಅಂತ. ಫ್ಯಾನ್ ನಿಲ್ಸಿ ನೋಡಿದೆ, ದುಂಬಿ ಹಂಗೇ ಇದೆ. ಕೊನೆಗೆ ಪಿಸಿನ ಎರಡೂ ಕೈಯಲ್ಲಿ ಹಿಡ್ಕೊಂಡು ಒಂದಿಂಚು ಮೇಲೆತ್ತಿದೆ ನೋಡಿ, ಸದ್ದು ಟಕ್ ಅಂತ ನಿಂತುಬಿಡ್ತು. ಕೆಳಗಿಟ್ರೆ ಮತ್ತೆ ಶುರು. 7200 ಆರ್‌ಪಿಎಂ ಡಿಸ್ಕು ಅಂದ್ರೆ ಸೆಕೆಂಡಿಗೆ 120 ಸುತ್ತು, ಆ ನಡುಕ ಕ್ಯಾಬಿನೆಟ್ಟಿಗೆ ಇಳಿದು ಅಲ್ಲಿಂದ ಷೋಕೇಸಿನ ಹಲಗೆಗೆ ಇಳಿದು ಇಡೀ ಷೋಕೇಸೇ ಮೃದಂಗ ಆಗ್ಬಿಟ್ಟಿತ್ತು. ಮನೇಲಿ ಸವೆದು ಬಿದ್ದಿದ್ದ ಹವಾಯಿ ಚಪ್ಪಲಿ ಒಂದನ್ನ ನಾಕು ತುಂಡು ಮಾಡಿ ನಾಕು ಮೂಲೆಗೆ ಕೊಟ್ಟೆ, ಮುಕ್ಕಾಲು ಭಾಗ ಕಮ್ಮಿ ಆಯ್ತು. ಅಮ್ಮನಿಗೆ ದೇವರ ಫೋಟೋ ಇರೋ ಷೋಕೇಸಲ್ಲಿ ಚಪ್ಪಲಿ ಇಟ್ಟಿದೀನಿ ಅಂತ ಗೊತ್ತಾದ ಮೇಲೆ ಅದನ್ನೂ ತೆಗೆದು ಯೋಗ ಮ್ಯಾಟ್ ಕತ್ತರಿಸಿ ಹಾಕ್ಬೇಕಾಯ್ತು, ಅದು ಬೇರೆ ಕತೆ.

ಹಂಗಾಗಿ ನೀವು ಮಾಡ್ಬೇಕಾಗಿರೋದು ಏನಂದ್ರೆ, ಹಾಲಿನ ಪಿಸಿಲಿ ಬರೀ ಎಸ್‌ಎಸ್‌ಡಿ, ಅಂದ್ರೆ ತಿರುಗೋ ಭಾಗವೇ ಇಲ್ದಿರೋ ಡಿಸ್ಕು ಇರ್ಲಿ, 250 ಜಿಬಿ ಸಾಕು, 8 ಜಿಬಿ ರ‍್ಯಾಮು. 2 ಟಿಬಿ ಡಿಸ್ಕು ನಿಮ್ಮ ಹಳೇ ಡೆಸ್ಕ್‌ಟಾಪಲ್ಲೇ ಇರ್ಲಿ, ಆದ್ರೆ ಅದನ್ನ ಹಾಲಿಂದ ಹೊರಗೆ, ಸ್ಟೋರ್ ರೂಮಲ್ಲೋ ಮಹಡಿ ಮೆಟ್ಟಿಲ ಕೆಳಗೋ ಸಾಗಿಸಿ ಫೋಲ್ಡರ್ ಷೇರ್ ಮಾಡಿ, ಲ್ಯಾನ್ ಕೇಬಲ್ ಎಳೆಸಿ. ಎಳೆಸೋವಾಗ್ಲೇ ಕ್ಯಾಟ್ 6 ಎಳೆಸಿ, ಎಂಟೂ ತಂತಿ ಸರಿಯಾಗಿ ಪಂಚ್ ಮಾಡ್ಸಿ, ಒಂದು ಜೋಡಿ ಬಿಟ್ಟುಹೋದ್ರೆ ಗಿಗಾಬಿಟ್ (1000 ಎಂಬಿಪಿಎಸ್) ಸ್ಪೀಡ್ ಹೋಗಿ 100 ಎಂಬಿಪಿಎಸ್‌ಗೆ ಬಂದು ನಿಲ್ಲತ್ತೆ. 4ಕೆ ಬ್ಲೂ ರೇ ಡಿಸ್ಕಿನ ವಿಡಿಯೋ 128 ಎಂಬಿಪಿಎಸ್ ತನಕ ಹೋಗತ್ತೆ, ಆಗ ಸಿಕ್ಕಾಕೊಳತ್ತೆ. ಕೇಬಲ್ ಎಳೆಯೋಕೆ ಆಗಲ್ಲ ಅಂದ್ರೆ 2.5 ಇಂಚಿನ ಪೋರ್ಟಬಲ್ ಡಿಸ್ಕಿಗೆ ಎಲ್ಲ ಕಾಪಿ ಮಾಡಿ ಸ್ಪಂಜಿನ ಮೇಲಿಡಿ, ಅದು ತುಂಬ ಮೆತ್ತಗೆ ತಿರುಗತ್ತೆ. ಮದುವೆ ವಿಡಿಯೋ ಮಾತ್ರ ಎರಡು ಕಡೆ ಇರ್ಲಿ.

ಸಾಫ್ಟ್‌ವೇರಿಗೆ ಲಿಬ್ರೆಎಲೆಕ್ ಅಂತ ಲಿನಕ್ಸ್ ಸಿಸ್ಟಂ ಇದೆ, ಫ್ರೀ, ಪೆನ್‌ಡ್ರೈವಿಂದ ಹತ್ತು ನಿಮಿಷದಲ್ಲಿ ಕೂರತ್ತೆ. ಆನ್ ಮಾಡಿದ್ರೆ ಸೀದಾ ಕೋಡಿ ಅನ್ನೋ ವಿಡಿಯೋ ಪ್ಲೇಯರ್ ಬರತ್ತೆ. ಕೋಡಿ ಮೊದಲು 2002ರ ಹೊತ್ತಲ್ಲಿ ಎಕ್ಸ್‌ಬಾಕ್ಸಿಗೆ ಅಂತ ಹವ್ಯಾಸಿಗಳು ಬರ್ಕೊಂಡಿದ್ದು, ಎಕ್ಸ್‌ಬಿಎಂಸಿ ಅಂತಿತ್ತು, 2014ರಲ್ಲಿ ಹೆಸರು ಬದಲಾಯ್ತು. ಓಟಿಟಿ ಮಾತ್ರ ಅದರಲ್ಲಿ ನೋಡೋಕೆ ಹೋಗ್ಬೇಡಿ, ಲಿನಕ್ಸಲ್ಲಿ ನೆಟ್‌ಫ್ಲಿಕ್ಸ್ 4ಕೆ ಕೊಡಲ್ಲ, ವಿಂಡೋಸಲ್ಲೂ ಎಡ್ಜ್ ಬ್ರೌಸರ್ರೋ ಅವರ ಆ್ಯಪ್ಪೋ ಬೇಕು. ಟಿವಿಲೇ ಆ್ಯಪ್ ಇದ್ಯಲ್ಲ, ಓಟಿಟಿ ಅಲ್ಲಿ, ಮನೇದೆಲ್ಲ ಪಿಸಿಲಿ. ರ‍್ಯಾಮು, ಎಸ್‌ಎಸ್‌ಡಿ ರೇಟು ವಾರಕ್ಕೊಂದು ಥರ ಇರೋದ್ರಿಂದ ಎರಡ್ಮೂರು ಅಂಗಡೀಲಿ ಕೊಟೇಷನ್ ಬರೆಸ್ಕೊಳಿ.

ಪ್ರಶ್ನೆ: ನಮಸ್ಕಾರ್ರಿ. ಹೋದ ವರ್ಷ ದೀಪಾವಳಿಗಿ ಫ್ಯಾನ್ ಇಲ್ಲದ ಮಿನಿ ಪಿಸಿ ತಗೊಂಡೀನ್ರಿ, ಚಳಿಗಾಲದಾಗ ಭಾಳ ಛಲೋ ನಡೀತು, ಒಂಚೂರೂ ಸಪ್ಪಳ ಇಲ್ಲ. ಏಪ್ರಿಲ್ ಬಂದಕೂಡ್ಲೇ ಮಧ್ಯಾಹ್ನ ವಿಡಿಯೋ ತಡ್ದು ತಡ್ದು ಬರ್ಲಿಕ್ಕತ್ತದ, ಎರಡು ಸಲ ತಾನೇ ಬಂದಾಗ್ಯದ. ಟಿವಿ ಕಪಾಟಿನ್ಯಾಗ ಗಾಜಿನ ಬಾಗಲಾ ಹಾಕಿ ಇಟ್ಟೀನಿ, ಧೂಳ ಕುಂದ್ರಬಾರ್ದು ಅಂತ. ಪೀಸ್ ಕೆಟ್ಟದೇನ್ರಿ?
ಒಬ್ಬ ಓದುಗರು, ಕಲಬುರಗಿ

ಉತ್ತರ: ಪೀಸ್ ಕೆಟ್ಟಿಲ್ಲ ಸರ್, ಗಾಜಿನ ಬಾಗಿಲು ತೆಗೀರಿ. ಫ್ಯಾನ್ ಇಲ್ದಿರೋ ಡಬ್ಬಕ್ಕೆ ಒಂದು ಸರಳ ಲೆಕ್ಕ ಇದೆ, ಅಷ್ಟೇ ಕೆಲಸ ಕೊಟ್ರೆ ಅದು ಸುತ್ತಲಿನ ಗಾಳಿಗಿಂತ ಹೆಚ್ಚುಕಮ್ಮಿ ಅಷ್ಟೇ ಡಿಗ್ರಿ ಮೇಲೆ ನಿಲ್ಲತ್ತೆ. ಉದಾಹರಣೆಗೆ ನಿಮ್ಮದು 45 ಡಿಗ್ರಿ ಮೇಲೆ ನಿಲ್ಲತ್ತೆ ಅಂತಿಟ್ಕೊಳಿ. ಡಿಸೆಂಬರಲ್ಲಿ ರೂಮು 22 ಇದ್ರೆ ಚಿಪ್ 67, ಏನೂ ತೊಂದ್ರೆ ಇಲ್ಲ. ಈಗ ನಿಮ್ಮೂರ ಬಿಸಿಲಿಗೆ ಮನೆಯೊಳಗೇ 40, ಬಾಗಿಲು ಹಾಕಿದ ಕಪಾಟೊಳಗೆ ಅದರದೇ ಬಿಸಿ ಸೇರಿ 50, ಅಲ್ಲಿಗೆ ಚಿಪ್ 95ಕ್ಕೆ ಹೋಯ್ತು. ಆಗ ಅದು ಮೊದಲು ತಾನೇ ಸ್ಪೀಡ್ ಇಳಿಸ್ಕೊಳತ್ತೆ, ನೀವು ನೋಡಿದ ತಡವರಿಕೆ ಅದೇ. ಇನ್ನೂ ಏರಿದ್ರೆ ಜೀವ ಉಳಿಸ್ಕೊಳೋಕೆ ಬಂದಾಗತ್ತೆ. ಇಂಥ ಡಬ್ಬಗಳ ಜಾಹೀರಾತಲ್ಲಿ ಬರೆಯೋ ಟೆಸ್ಟೆಲ್ಲ 25 ಡಿಗ್ರಿ ಎಸಿ ರೂಮಿಂದು ಅಂತಲೇ ಅಂದ್ಕೊಂಡು ಓದಿ.

ಡಬ್ಬನ ಹೊರಗೆ ತಂದು ಅದರ ಮೈಮೇಲಿನ ಗೆರೆಗಳು, ಅದೇ ಹೀಟ್ ಸಿಂಕ್ ಪಟ್ಟಿಗಳು, ಕೆಳಗಿಂದ ಮೇಲಕ್ಕೆ ಬರೋ ಹಾಗೆ ನಿಲ್ಲಿಸಿ, ಟಿವಿ ಹಿಂದೆ ಗೋಡೆಗೆ ಬ್ರಾಕೆಟ್ ಹಾಕಿದ್ರೂ ಆಯ್ತು, ಬಿಸಿಗಾಳಿ ತಾನಾಗೇ ಮೇಲಕ್ಕೆ ಹೋಗತ್ತೆ, ತಣ್ಣಗಿನದು ಕೆಳಗಿಂದ ಬರತ್ತೆ. ಕಪಾಟಲ್ಲೇ ಇಡ್ಬೇಕು ಅಂದ್ರೆ ಹಿಂದಿನ ಪ್ಲೈವುಡ್ಡನ್ನ ಬಡಗಿ ಕೈಲಿ ಕೊರೆಸಿ, ಮೇಲೊಂದು ಕೆಳಗೊಂದು ಅಂಗೈ ಅಗಲದ ಕಿಂಡಿ. ಅದಕ್ಕೆ ಸೊಳ್ಳೆ ಜಾಲರಿ ಬಡೀರಿ, ಇಲ್ದಿದ್ರೆ ಬೆಚ್ಚಗಿದೆ ಅಂತ ಹಲ್ಲಿ ಬಂದು ಸಂಸಾರ ಹೂಡತ್ತೆ, ತಮಾಷೆಗೆ ಹೇಳ್ತಿಲ್ಲ. ಅದಕ್ಕೂ ಬಗ್ಗದಿದ್ರೆ ಡಬ್ಬದ ಪಕ್ಕ ಯುಎಸ್‌ಬಿ ಫ್ಯಾನ್ ಒಂದನ್ನ ನಿಧಾನಕ್ಕೆ ತಿರುಗಿಸಿ. ಫ್ಯಾನ್ ಇಲ್ದಿರೋದಕ್ಕೆ ಫ್ಯಾನ್ ಹಾಕೋದು ನಗು ಬರತ್ತೆ, ಆದ್ರೆ ಅಷ್ಟೇ ಸಣ್ಣ ಗಾಳಿ ಆಡಿದ್ರೂ ಹತ್ತು ಡಿಗ್ರಿ ಇಳಿದಿದ್ದು ನಮ್ಮನೇಲೇ ನೋಡಿದೀನಿ.

ಪ್ರಶ್ನೆ: ಎಸ್.ಪಿ. ರೋಡಲ್ಲಿ ರೀಫರ್ಬಿಷ್ಡ್ ಆಫೀಸ್ ಮಿನಿ ಪಿಸಿ ತಗೊಂಡೆ, ಪುಸ್ತಕದಷ್ಟೇ ದೊಡ್ಡದು, 7ನೇ ಜನರೇಷನ್ ಐ5. 4ಕೆ ಓಡತ್ತೆ ಅಂದ್ರು ಅಂಗಡಿಯೋರು. ಓಡತ್ತೆ, ಆದ್ರೆ ಮೌಸ್ ಆಡ್ಸಿದ್ರೆ ಎಳ್ದೆಳ್ದು ಬರತ್ತೆ, ಕ್ರಿಕೆಟ್ ಹಾಕಿದ್ರೆ ಬಾಲ್ ಹಾರ್ಕೊಂಡು ಹೋಗತ್ತೆ. ಮೋಸ ಹೋದ್ನಾ?
ಒಬ್ಬ ಓದುಗರು, ಬೆಂಗಳೂರು

ಉತ್ತರ: ಪೂರ್ತಿ ಮೋಸ ಅಲ್ಲ, ಅವರು ಹೇಳಿದ್ದು ಅರ್ಧ ಸತ್ಯ. ಆ ಕಾಲದ ಚಿಪ್ಪಿನ ಎಚ್‌ಡಿಎಂಐ 1.4ದು, 4ಕೆ ಚಿತ್ರ ಕೊಡತ್ತೆ ಆದ್ರೆ ಸೆಕೆಂಡಿಗೆ 30 ಸಲ ಮಾತ್ರ. ಅದೇ ಡಬ್ಬದ ಹಿಂದೆ ಡಿಸ್‌ಪ್ಲೇಪೋರ್ಟ್ ಅಂತ ಇನ್ನೊಂದು ತೂತು ಇರತ್ತೆ, ಒಂದು ಮೂಲೆ ಕತ್ತರಿಸಿದ ಹಾಗೆ ಕಾಣತ್ತೆ, ಅದರಿಂದ 60 ಬರತ್ತೆ. ಟಿವಿಲಿ ಡಿಸ್‌ಪ್ಲೇಪೋರ್ಟ್ ಇರಲ್ಲ, ಹಂಗಾಗಿ ಡಿಸ್‌ಪ್ಲೇಪೋರ್ಟ್ ಟು ಎಚ್‌ಡಿಎಂಐ 2.0 ಆ್ಯಕ್ಟಿವ್ ಕನ್ವರ್ಟರ್ ಕೇಳಿ, ‘ಆ್ಯಕ್ಟಿವ್’ ಅನ್ನೋ ಪದ ಒತ್ತಿ ಹೇಳಿ, ಬರೀ ಕನ್ವರ್ಟರ್ ಅಂದ್ರೆ ಕೈಗೆ ಸಿಕ್ಕಿದ್ದು ಕೊಡ್ತಾರೆ. ಕೈಲಿ ಹಿಡ್ಕೊಂಡು ಹೋಗಿ ಅಲ್ಲೇ ಹಾಕಿ ನೋಡಿದ್ರೆ ಇನ್ನೂ ಒಳ್ಳೇದು.

ನೀವು 7ನೇ ಜನರೇಷನ್ ತಗೊಂಡಿದ್ದು ಒಂದು ರೀತೀಲಿ ಅದೃಷ್ಟ, ಎಚ್‌ಇವಿಸಿ 10 ಬಿಟ್ ಪೂರ್ತಿ ಸರ್ಕ್ಯೂಟಲ್ಲೇ ಬಿಡಿಸೋದು ಅಲ್ಲಿಂದಲೇ ಶುರು, 6ನೇದಾಗಿದ್ರೆ ಪರದಾಡ್ಬೇಕಿತ್ತು. ಎವಿ1 ಇಲ್ಲ, ಅದು ಬಂದಿದ್ದು 11ನೇದರಲ್ಲಿ. ಇಂಥವು ಇಷ್ಟೊಂದು ಮಾರ್ಕೆಟ್ಟಿಗೆ ಬರೋಕೆ ಒಂದು ಕಾರಣ ವಿಂಡೋಸು. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು, ವಿಂಡೋಸ್ 11 ಇಂಟೆಲ್‌ನಲ್ಲಿ ಹೆಚ್ಚುಕಮ್ಮಿ 8ನೇದರಿಂದ ಶುರುವಾಗಿ ಮೇಲಿನದಕ್ಕೆ ಮಾತ್ರ, ಆಫೀಸುಗಳು ಹಳೇದನ್ನ ಹೊರಗೆ ಹಾಕ್ತಿವೆ. ನಿಮಗೆ ಅದರಿಂದ ತೊಂದ್ರೆ ಇಲ್ಲ, ಲಿನಕ್ಸೋ ಲಿಬ್ರೆಎಲೆಕ್ಕೋ ಹಾಕಿ.

ಸದ್ದಿಗೆ ಒಂದು ಮಾತು. ವರ್ಷಗಟ್ಲೆ ಆಫೀಸಲ್ಲಿ ಇದ್ದಿದ್ದು, ಒಳಗೆ ಚಿಪ್ಪಿನ ಬಿಸಿನ ಹೀಟ್ ಸಿಂಕಿಗೆ ದಾಟಿಸೋ ಥರ್ಮಲ್ ಪೇಸ್ಟ್ ಒಣಗಿ ಸುಣ್ಣ ಆಗಿರತ್ತೆ. ಬಿಚ್ಚಿ, ಹಳೇದನ್ನ ಒರೆಸಿ, ಬಟಾಣಿ ಕಾಳಷ್ಟು ಹೊಸ ಪೇಸ್ಟ್ ಹಾಕಿ. ಧೂಳನ್ನ ಪೇಂಟ್ ಬ್ರಷ್ಷಲ್ಲಿ ಒರೆಸಿ, ಬ್ಲೋವರ್ ಹಿಡಿದ್ರೆ ಫ್ಯಾನ್ ರೆಕ್ಕೇನ ಬೆರಳಲ್ಲಿ ಒತ್ತಿ ಹಿಡ್ಕೊಳಿ, ಗಾಳಿಗೆ ಬಿಟ್ರೆ ಅದು ಅಳತೆ ಮೀರಿ ತಿರುಗಿ ಬೇರಿಂಗ್ ಹಾಳಾಗತ್ತೆ, ಆಮೇಲೆ ಜನ್ಮದಲ್ಲಿ ಸುಮ್ನಿರಲ್ಲ.

ಪ್ರಶ್ನೆ: ಪಿಸಿ ಸದ್ದು ಮಾಡುವುದಿಲ್ಲ, ಅದೆಲ್ಲ ಸರಿ ಉಂಟು. ಆದರೆ ಸೋಫಾದಿಂದ ವಯರ್‌ಲೆಸ್ ಕೀಬೋರ್ಡ್ ಒತ್ತಿದರೆ ಒಂದು ಅಕ್ಷರ ಹೋಗ್ತದೆ, ಒಂದು ಹೋಗುವುದಿಲ್ಲ. ಬ್ಯಾಟರಿ ಮೂರು ಸಲ ಬದಲಾಯಿಸಿ ಆಯ್ತು. ಎಂತ ಮಾಡುವುದು ಮಾರಾಯ್ರೆ?
ಒಬ್ಬ ಓದುಗರು, ಮಂಗಳೂರು

ಉತ್ತರ: ಬ್ಯಾಟರಿ ಪಾಪ ಏನ್ ಮಾಡತ್ತೆ. ಕೀಬೋರ್ಡಿನ ಆ ಚಿಕ್ಕ ರಿಸೀವರ್ ಎಲ್ಲಿ ಚುಚ್ಚಿದೀರಿ ನೋಡಿ, ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟಲ್ಲೋ ಅದರ ಪಕ್ಕದಲ್ಲೋ ಇರತ್ತೆ, ಪಕ್ಕದಲ್ಲೇ ಹಾರ್ಡ್ ಡಿಸ್ಕೂ ಚುಚ್ಚಿರ್ತೀರಿ. ಯುಎಸ್‌ಬಿ 3 ಡಾಟಾ ಓಡೋವಾಗ 2.4 ಗಿಗಾಹರ್ಟ್ಸ್ ಆಸುಪಾಸಲ್ಲಿ ರೇಡಿಯೋ ಗಲಾಟೆ ಎಬ್ಬಿಸತ್ತೆ, ಕೀಬೋರ್ಡ್ ಮಾತಾಡೋದೂ ಅದರಲ್ಲೇ. ಇದನ್ನ ಇಂಟೆಲ್ಲೇ 2012ರಲ್ಲಿ ಬರೆದು ಹೊರಗಿಟ್ಟಿದೆ. ಒಂದು ಮೀಟರ್ ಯುಎಸ್‌ಬಿ 2 ಎಕ್ಸ್‌ಟೆನ್ಷನ್ ಕೇಬಲ್ ತಂದು ರಿಸೀವರನ್ನ ಟಿವಿ ಮುಂದಕ್ಕೆ ತನ್ನಿ, ಸೋಫಾಗೆ ಕಾಣೋ ಹಾಗೆ. ಅಷ್ಟೇ.

ಪ್ರಶ್ನೆ: ಸಿನಿಮಾದಲ್ಲಿ ಕ್ಯಾಮೆರಾ ನಿಧಾನಕ್ಕೆ ಪಕ್ಕಕ್ಕೆ ಸರಿಯೋ ಸೀನಲ್ಲಿ ಚಿತ್ರ ಸಣ್ಣಗೆ ಕುಲುಕತ್ತೆ. ಪಿಸಿ ಹೊಸದು, ಎನ್100. ಪವರ್ ಸಾಲ್ತಿಲ್ವಾ?
ಒಬ್ಬ ಓದುಗರು, ಮೈಸೂರು

ಉತ್ತರ: ಪವರ್ ಧಾರಾಳ ಇದೆ, ತಾಳ ತಪ್ಪಿದೆ. ಸಿನಿಮಾ ಸೆಕೆಂಡಿಗೆ 24 ಫ್ರೇಮು, ಪಿಸಿ ಟಿವಿಗೆ ಕಳಿಸ್ತಿರೋದು 60 ಸಲ. 60ನ್ನ 24ರಿಂದ ಭಾಗಿಸಿದ್ರೆ ಎರಡೂವರೆ, ಅರ್ಧ ಫ್ರೇಮ್ ತೋರ್ಸೋಕಾಗಲ್ವಲ್ಲ, ಅದಕ್ಕೆ ಒಂದು ಫ್ರೇಮು ಮೂರು ಸಲ, ಮುಂದಿನದು ಎರಡು ಸಲ, ಹಿಂಗೆ ಕುಂಟ್ಕೊಂಡು ಹೋಗತ್ತೆ. ಕೋಡಿ ಸೆಟ್ಟಿಂಗಲ್ಲಿ ಪ್ಲೇಯರ್ ಒಳಗೆ ವಿಡಿಯೋಸ್‌ಗೆ ಹೋಗಿ ‘ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್’ ಅನ್ನೋದನ್ನ ‘ಆನ್ ಸ್ಟಾರ್ಟ್/ಸ್ಟಾಪ್’ಗೆ ಇಡಿ. ಇನ್ಮೇಲೆ ಸಿನಿಮಾ ಹಾಕಿದಾಗೆಲ್ಲ ಟಿವಿ ಒಂದೆರಡು ಸೆಕೆಂಡ್ ಕಪ್ಪಾಗಿ ಆಮೇಲೆ ಬರತ್ತೆ, ಗಾಬರಿ ಬೇಡ, ತಾಳ ಹೊಂದಿಸ್ಕೊಳ್ತಿದೆ. ನಮ್ಮ ಹಳೇ ಟಿವಿ ರೆಕಾರ್ಡಿಂಗು, ಮದುವೆ ಕ್ಯಾಸೆಟ್ಟಿಂದ ಮಾಡಿಸಿದ್ದು ಎಲ್ಲ 25 ಫ್ರೇಮಿನವು, ಅದಕ್ಕೆ ತಾನಾಗೇ 50ಕ್ಕೆ ಹೋಗತ್ತೆ.

ಪ್ರಶ್ನೆ: ಕರೆಂಟ್ ಹೋಗಿ ಬಂದ ಮೇಲೆ ಪಿಸಿ ಆನೇ ಆಗಲ್ಲ, ಪ್ರತಿ ಸಲ ಟಿವಿ ಹಿಂದೆ ಕೈ ಹಾಕಿ ಬಟನ್ ಒತ್ತಬೇಕು, ನನಗೆ 68 ವರ್ಷ.
ಒಬ್ಬ ಓದುಗರು, ಶಿರಸಿ

ಉತ್ತರ: ಬಯೋಸಲ್ಲಿ ‘ರಿಸ್ಟೋರ್ ಆನ್ ಎಸಿ ಪವರ್ ಲಾಸ್’ ಅಂತಲೋ ‘ಆಫ್ಟರ್ ಪವರ್ ಲಾಸ್’ ಅಂತಲೋ ಇರತ್ತೆ, ಅದನ್ನ ‘ಪವರ್ ಆನ್’ ಮಾಡ್ಸಿ, ಮೊಮ್ಮಕ್ಕಳು ಬಂದಾಗ ಎರಡು ನಿಮಿಷದ ಕೆಲಸ. ನಿಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹತ್ತು ನಿಮಿಷಕ್ಕೆ ನಾಕು ಸಲ ಕಣ್ಣು ಹೊಡೆಯತ್ತಲ್ಲ, ಹಾಗಿರೋವಾಗ ಅದು ಸಿಡಿಲಿಗೆ ಸಿಕ್ಕಿದ ಕೋಳಿ ಥರ ಎದ್ದೂ ಬಿದ್ದೂ ಮಾಡ್ಬಾರ್ದು ಅಂದ್ರೆ ಪಿಸಿನ ಇನ್ವರ್ಟರ್ ಲೈನಿನ ಪ್ಲಗ್ಗಿಗೆ ಹಾಕಿ, ಎನ್100 ಥರದ್ದಾದ್ರೆ ಅದು ತಿನ್ನೋದು ಒಂದು ಬಲ್ಬಿನಷ್ಟು. ಗುಡುಗು ಶುರುವಾದ್ರೆ ಮಾತ್ರ ಪ್ಲಗ್ಗು, ಲ್ಯಾನ್ ಕೇಬಲ್ಲು, ಡಿಷ್ಷಿನ ವಯರು ಮೂರನ್ನೂ ಕಿತ್ತಿಡಿ.